ಮನೆಯೊಳಗಷ್ಟೇ ತೆರೆದಿದ್ದ ಹೊಲಿಗೆ ಶಾಲೆ

ಆ ಮನೆಯ ಸೊಸೆಯ ಕಂಪ್ಯೂಟರಿನಲ್ಲಿ ಮೂವತ್ತೇಳು ವೆಬ್‌ಸೈಟುಗಳಿದ್ದವು. ಹಲ್ಲಿನ ಡಾಕ್ಟರದ್ದು, ಬಣ್ಣದ ಅಂಗಡಿಯದ್ದು, ಕಾರು ಕಲಿಸುವವರದ್ದು, ಹೀಗೆ ಅವಳು ಗಿರಾಕಿಗಳಿಗೆ ಮಾಡಿಕೊಟ್ಟವು. ಎಲ್ಲವೂ ಪಿಎಚ್‌ಪಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದವು. ಕೆಲವು ಹಳೇ ಪಿಎಚ್‌ಪಿ ಕೊಟ್ಟರಷ್ಟೇ ಏಳುತ್ತವೆ, ಕೆಲವಕ್ಕೆ ಹೊಸದೇ ಆಗಬೇಕು. ಯಾವುದಕ್ಕೆ ಯಾವುದು ಎಂಬುದು ಅವಳಿಗೆ ಬಾಯಿಪಾಠ. ಜನ ನೋಡುತ್ತಿರುವ ಸೈಟಿಗೆ ನೇರವಾಗಿ ಕೈ ಹಾಕುವ ಜಾಯಮಾನ ಅವಳದಲ್ಲ. ಮೊದಲು ಅದರ ನಕಲನ್ನು ತನ್ನ ಕಂಪ್ಯೂಟರಿಗೆ ತಂದು, ಬಿಚ್ಚಿ, ಕೆಡಿಸಿ, ಸರಿಮಾಡಿ, ಆಮೇಲೇ ಹೊರಗೆ ಕಳಿಸುವುದು. ತಡವಾಯಿತೆಂದು ಆಫೀಸಿನವರು ಗೊಣಗಿದರೆ, "ಬೈಸಿಕೊಳ್ಳೋಳು ನಾನು, ನೀವಲ್ಲ" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಇಂಥ ಗಟ್ಟಿಗಿತ್ತಿ ಮೂರು ವಾರ ತನ್ನ ಅತ್ತೆಯನ್ನೇ ಕೊರಗಿಸಿದಳಲ್ಲ, ಅದನ್ನು ಹೇಳಬೇಕು.

ಅತ್ತೆ ಮೂವತ್ತು ವರ್ಷ ಬಟ್ಟೆ ಕಾರ್ಖಾನೆಯಲ್ಲಿ ಅಂಗಿಯ ಕಾಲರ್ ಹೊಲಿದವರು. ಕಾರ್ಖಾನೆ ಮುಚ್ಚಿದಾಗ ಅಲ್ಲಿಂದ ನಾಲ್ಕು ಹೊಲಿಗೆ ಮಷೀನು ಕೊಂಡುತಂದು, ಮುಂದಿನ ಕೋಣೆಯಲ್ಲಿ ಸಾಲಾಗಿ ಇಟ್ಟು, "ಹೊಲಿಗೆ ಕಲಿಸ್ತೀನಿ ಕಣೇ" ಎಂದರು. ಸೊಸೆಗೆ ಎಲ್ಲಿಲ್ಲದ ಹುರುಪು. ಮೂರೇ ದಿನಕ್ಕೆ ಚೆಂದದ ಸೈಟು ತಯಾರು.

"ಬೋರ್ಡಲ್ಲಿ ಫೋನ್ ನಂಬರ್ ಬೇಡ ಅತ್ತೆ, ಹೊತ್ತುಗೊತ್ತಿಲ್ಲದೆ ಪ್ರಾಣ ತಿಂತಾರೆ. ಸೈಟಿನ ವಿಳಾಸ ಹಾಕೋಣ. ಸೇರೋರು ಅಲ್ಲೇ ಹೆಸರು ಬರೀಲಿ."

ಬೋರ್ಡು ಗೇಟಿಗೆ ಬಿತ್ತು. ಅತ್ತೆ ದಿನಾ ಬೆಳಿಗ್ಗೆ ಕನ್ನಡಕ ಏರಿಸಿಕೊಂಡು ಸೊಸೆಯ ಕಂಪ್ಯೂಟರಿನ ಮುಂದೆ ಕೂತು ತಮ್ಮ ಪುಟ ನೋಡುವರು. ತಮ್ಮ ಫೋಟೋ, ತಮ್ಮ ನಾಲ್ಕು ಮಷೀನು, ಕೆಳಗೆ ಹೆಸರು ಬರೆಯುವ ಜಾಗ. ಮೊದಲ ವಾರ ಒಂದು ಹೆಸರೂ ಬರಲಿಲ್ಲ. ಎರಡನೇ ವಾರವೂ ಅಷ್ಟೇ.

"ಸೈಟು ಸರಿಯಾಗಿದೆ ತಾನೇ?"

"ನೀವೇ ನೋಡ್ತಿದ್ದೀರಲ್ಲ ಅತ್ತೆ, ಎಷ್ಟು ಚೆನ್ನಾಗಿ ಬರ್ತಿದೆ."

ಮೂರನೇ ವಾರ ಅತ್ತೆ ಕಂಪ್ಯೂಟರಿನ ಹತ್ತಿರ ಸುಳಿಯಲಿಲ್ಲ. "ನಾನು ಹೊಲಿಯೋದನ್ನ ಈಗ ಯಾರು ಕಲೀತಾರೆ, ಬಿಡು" ಎಂದು ಹೇಳಿ ಮಷೀನುಗಳಿಗೆ ಬಟ್ಟೆ ಮುಚ್ಚಿದರು. ಹಳೇ ಮಷೀನು ಕೊಳ್ಳುವವನಿಗೆ ಭಾನುವಾರ ಬರಲು ಹೇಳಿಯೂ ಬಿಟ್ಟರು. ಮಾರುವುದು ಸೊಸೆಗೆ ಇಷ್ಟವಿರಲಿಲ್ಲ. ಏನು ಹೇಳಿ ತಡೆಯುವುದು? ಜನ ಬಂದಿದ್ದರೆ ತಾನೇ.

ಭಾನುವಾರ ಬಂದವನು ಮಾತಿನಮಲ್ಲ. ಮಷೀನಿನ ಚಕ್ರ ತಿರುಗಿಸುತ್ತಾ ಸೊಸೆಗೆ ಹೇಳಿದ: "ಯಾವ ಮಾಡೆಲ್ಲು ಅಂತ ನೋಡೋಣ ಅಂತ ಬೋರ್ಡಿನ ವಿಳಾಸ ಫೋನಲ್ಲಿ ತೆಗೆದೆ ಮೇಡಂ. ‘ಶೀಘ್ರದಲ್ಲೇ ಬರಲಿದೆ’ ಅಂತ ಬಿಟ್ರೆ ಏನೂ ಇಲ್ಲ."

ಅವಳು ಒಳಗೋಡಿದಳು.

ಆಗಿದ್ದಿಷ್ಟೇ. ಸೈಟನ್ನು ಅದರ ನಿಜವಾದ ಹೆಸರಲ್ಲೇ ಪರೀಕ್ಷಿಸಲು ಅವಳು ತನ್ನ ಕಂಪ್ಯೂಟರಿನ ಒಂದು ಫೈಲಿನಲ್ಲಿ ಒಂದು ಸಾಲು ಬರೆದಿದ್ದಳು: ಈ ಹೆಸರು ಕೇಳಿದರೆ ಹೊರಗೆ ಹುಡುಕಬೇಡ, ಇಲ್ಲೇ ಇದೆ ಎಂದು. ಕೆಲಸ ಮುಗಿದ ಮೇಲೆ ಆ ಸಾಲನ್ನು ಅಳಿಸಬೇಕು. ಅವತ್ತು ಸೈಟನ್ನು ಹೊರಗೆ ಕಳಿಸುತ್ತಿದ್ದಾಗ ಆಫೀಸಿನಿಂದ ಫೋನು ಬಂತು. ಕಳಿಸುವುದು ಅರ್ಧಕ್ಕೇ ನಿಂತು, ಹೊರಗೆ ಮೊದಲೇ ಹಾಕಿದ್ದ ‘ಶೀಘ್ರದಲ್ಲೇ ಬರಲಿದೆ’ ಎಂಬ ಪುಟವೇ ಉಳಿಯಿತು. ವಾಪಸ್ ಬಂದು ನೋಡಿದರೆ, ಆ ಸಾಲು ಇನ್ನೂ ಇದ್ದುದರಿಂದ ಅವಳ ಕಂಪ್ಯೂಟರಿನಲ್ಲಿದ್ದ ಪುಟವೇ ಸೊಗಸಾಗಿ ತೆರೆದುಕೊಂಡಿತು. ಆಯಿತಲ್ಲ ಎಂದುಕೊಂಡಳು. ಗಿರಾಕಿಯ ಸೈಟಾಗಿದ್ದರೆ ಇನ್ನೊಂದು ಫೋನಿನಲ್ಲಿ ತೆಗೆದು ನೋಡದೆ ಬಿಡುತ್ತಿರಲಿಲ್ಲ. ಇದು ಮನೆಯದು ತಾನೇ ಎಂಬ ಸಸಾರ! ಈಗ ಆ ಸಾಲು ಅಳಿಸಿದಳು. ಅತ್ತೆಯ ಫೋಟೋ ಮಾಯವಾಗಿ ‘ಶೀಘ್ರದಲ್ಲೇ ಬರಲಿದೆ’ ಎಂದು ಬಂತು.

ಸರ್ವರ್ ಕೆಟ್ಟಿತ್ತು ಎಂದುಬಿಟ್ಟರೆ ಅತ್ತೆಗೆ ಏನು ಗೊತ್ತಾಗಬೇಕು? ಆ ಯೋಚನೆಯೂ ಬಂತು ಅವಳಿಗೆ, ಸುಳ್ಳೇಕೆ. ಆದರೆ ಹೊರಗೆ ಬಂದು ಅವರ ಮುಖ ನೋಡಿದ ಮೇಲೆ ಆ ಸುಳ್ಳಿಗೆ ನಾಲಿಗೆ ಏಳಲಿಲ್ಲ.

"ಅತ್ತೆ, ತಪ್ಪು ನಂದು. ಸೈಟು ಹೊರಗೆ ಹೋಗೇ ಇಲ್ಲ. ಇಷ್ಟು ದಿನ ಅದು ನನ್ನ ಕಂಪ್ಯೂಟರಲ್ಲಿ ಮಾತ್ರ ಇತ್ತು."

"ಅಂದ್ರೆ? ಯಾರಿಗೂ ಕಾಣ್ತಿರಲಿಲ್ವಾ?"

"ಇಲ್ಲ. ನೋಡಿದ್ದು ನೀವು, ನಾನು, ಇಬ್ಬರೇ."

ಅತ್ತೆ ಮಷೀನಿನ ಮುಂದಿನ ಸ್ಟೂಲಿನ ಮೇಲೆ ಕೂತರು. ಬೈಗುಳ ಕಾಯುತ್ತಾ ಸೊಸೆ ತಲೆ ತಗ್ಗಿಸಿ ನಿಂತಳು.

"ಹಾಗಾದ್ರೆ ನೋಡಿ ಬೇಡ ಅಂದೋರು ಯಾರೂ ಇಲ್ಲ?"

"ಒಬ್ಬರೂ ಇಲ್ಲ ಅತ್ತೆ."

ಅತ್ತೆಯ ಕಣ್ಣಿಂದ ನೀರು ದಳದಳ ಇಳಿಯಿತು. ಅಳುತ್ತಲೇ ಸೊಸೆಯ ಬೆನ್ನಿಗೆ ಒಂದು ಗುದ್ದು ಕೊಟ್ಟರು. "ಮೂರು ವಾರದಿಂದ ನನ್ನ ಕೈಗೆ ಬೆಲೆನೇ ಇಲ್ಲ ಅಂದ್ಕೊಂಡಿದ್ದೆನಲ್ಲೇ, ಹಾಳಾದೋಳೇ! ಹೋಗು, ಮೊದಲು ಅದನ್ನ ಕಳಿಸು."

ಅಷ್ಟರಲ್ಲಿ ಮಾತಿನಮಲ್ಲ ಒಂದು ಮಷೀನನ್ನು ಎತ್ತಿಕೊಂಡು ಬಾಗಿಲವರೆಗೆ ಹೋಗಿದ್ದ. ಅತ್ತೆ ಕಣ್ಣೊರೆಸಿಕೊಂಡು ಎದ್ದರು.

"ಅದನ್ನ ಇದ್ದಲ್ಲೇ ಇಡಪ್ಪಾ. ಕಲಿಯೋರು ಬರ್ತಾರೆ."