ನಾನು ಕತ್ತರಿಸಿ ಹಾಕಿದ ‘ಹೂಂ’

ಯಾರಾದರೂ ನನಗೆ ದೆವ್ವದ ವಿಡಿಯೋ ಕಳಿಸಿದರೆ ನಾನು ಮೊದಲು ಹುಡುಕುವುದು ಅದರಲ್ಲಿ ಕಟ್ ಎಲ್ಲಿದೆ ಎಂದು. ಹುಡುಕಿದರೆ ಸಿಕ್ಕೇ ಸಿಗುತ್ತದೆ. ತೀರ್ಥಹಳ್ಳಿಯಲ್ಲಿ ಮದುವೆ, ಗೃಹಪ್ರವೇಶಗಳ ವಿಡಿಯೋ ಎಡಿಟ್ ಮಾಡಿ ಬದುಕುವವಳು ನಾನು. ಮುಖ ಗಂಟುಹಾಕಿಕೊಂಡ ಬೀಗರನ್ನು ಒಟ್ಟಿಗೆ ನಗಿಸುವುದು, ಧಾರೆಗೆ ತಡವಾಗಿ ಬಂದ ಸೋದರಮಾವನನ್ನು ಸಮಯಕ್ಕೆ ಸರಿಯಾಗಿ ತಂದು ನಿಲ್ಲಿಸುವುದು ನನಗೆ ನೀರು ಕುಡಿದಷ್ಟು ಸುಲಭ. ಹಾಗಾಗಿ ಕಣ್ಣಿಗೆ ಕಂಡದ್ದನ್ನಾಗಲಿ ಕಿವಿಗೆ ಕೇಳಿದ್ದನ್ನಾಗಲಿ ನಾನು ತಟ್ಟನೆ ನಂಬುವುದಿಲ್ಲ. ದೆವ್ವ ಪಿಶಾಚಿಯ ಮಾತೆತ್ತಿದವರನ್ನು ಕಾಲೇಜಿನ ದಿನಗಳಲ್ಲಿ ಸಿಕ್ಕಾಪಟ್ಟೆ ಗೇಲಿ ಮಾಡಿದ್ದೇನೆ. ಈಗ ಮಾಡುವುದಿಲ್ಲ. ಇಲ್ಲಿ ಬರೆಯುತ್ತಿರುವುದು ಹಾಡುಹಗಲಿನಲ್ಲಿ ನಡೆದ ಸಂಗತಿ. ಇದರಲ್ಲಿ ಅಮಾವಾಸ್ಯೆಯಿಲ್ಲ, ಗೆಜ್ಜೆ ಸದ್ದಿಲ್ಲ. ನೀವು ನಂಬಲೇಬೇಕೆಂದು ನನ್ನ ಹಟವೂ ಇಲ್ಲ.

ಆಗ ನಾನು ಸಾಗರದ ಒಂದು ಕಾಲೇಜಿನಲ್ಲಿ ಪತ್ರಿಕೋದ್ಯಮದ ಕೊನೆಯ ವರ್ಷದಲ್ಲಿದ್ದೆ. ವಿಡಿಯೋ ಪಾಠಕ್ಕೆ ಇಬ್ಬಿಬ್ಬರ ತಂಡ ಮಾಡಿಕೊಂಡು ಹತ್ತು ನಿಮಿಷದ ಸಾಕ್ಷ್ಯಚಿತ್ರವೊಂದನ್ನು ಒಪ್ಪಿಸಬೇಕಿತ್ತು. ಏನು ತೆಗೆಯಬೇಕೆಂದು ಮೊದಲು ಕಾಗದದ ಮೇಲೆ ಬರೆದು ಮೇಷ್ಟ್ರ ಸಹಿ ಪಡೆಯುವುದು, ಆಮೇಲೆ ಚಿತ್ರೀಕರಣ, ಕೊನೆಗೆ ಎಡಿಟಿಂಗ್. ನನ್ನ ತಂಡದಲ್ಲಿದ್ದವನು ತೀರ್ಥಹಳ್ಳಿ ಕಡೆಯ ಚೇತನ್. ಕ್ಯಾಮೆರಾ ಹಿಡಿಯುವುದು ಅವನ ಕೆಲಸ, ಪ್ರಶ್ನೆ ಕೇಳುವುದು ಮತ್ತು ಎಡಿಟಿಂಗ್ ನನ್ನದು. ಹಿನ್ನೀರಿನ ಊರುಗಳ ದೋಣಿ ಪ್ರಯಾಣ ಎಂಬ ವಿಷಯ ಆರಿಸಿಕೊಂಡೆವು. ನಮ್ಮ ಶಾಟ್ ಪಟ್ಟಿಯಲ್ಲಿ ‘ದುರಂತದಲ್ಲಿ ಬದುಕುಳಿದವರು, ಎರಡು ನಿಮಿಷ’ ಎಂದು ಬರೆದಿದ್ದೆ. ಇನ್ನೊಬ್ಬರ ಜೀವನದ ಅತಿ ಕೆಟ್ಟ ದಿನಕ್ಕೆ ಎರಡು ನಿಮಿಷ ಎಂದು ಬರೆಯುವಾಗ ನನಗೆ ಏನೂ ಅನ್ನಿಸಲಿಲ್ಲ.

ಆ ಎರಡು ನಿಮಿಷಕ್ಕೆ ನಾನು ಗುರುತು ಹಾಕಿಕೊಂಡದ್ದು ನಾಗರತ್ನಕ್ಕನನ್ನು. ಹೊಸನಗರದಲ್ಲಿ ಒಂದು ಸಣ್ಣ ಟೈಲರಿಂಗ್ ಅಂಗಡಿ ಇಟ್ಟುಕೊಂಡಿದ್ದರು. ನಮ್ಮ ದೊಡ್ಡಮ್ಮನ ರವಿಕೆಗಳನ್ನೆಲ್ಲ ಹೊಲಿಯುತ್ತಿದ್ದವರು ಅವರೇ. ಹತ್ತು ಹನ್ನೊಂದು ವರ್ಷದ ಹಿಂದೆ ಹಿನ್ನೀರಿನಲ್ಲಿ ದೋಣಿ ಮಗುಚಿ ಅವರ ಆರು ವರ್ಷದ ಮಗಳು ಸುಮಿ ತೀರಿಹೋಗಿದ್ದಳು. ಅದನ್ನು ಅವರು ಯಾರ ಹತ್ತಿರವೂ ಬಾಯಿಬಿಟ್ಟು ಹೇಳಿರಲಿಲ್ಲ. ಒಪ್ಪುವುದಿಲ್ಲ ಎಂದುಕೊಂಡೇ ಕೇಳಿದೆ. ಅವರು ಹೊಲಿಗೆ ನಿಲ್ಲಿಸಿ ನನ್ನ ಮುಖ ನೋಡಿ, “ನನ್ನ ಕಂಡ್ರೆ ಎಲ್ರೂ ಮಾತು ಬದಲಾಯಿಸ್ತಾರೆ. ಅವಳ ಹೆಸ್ರು ಹೇಳೋಕೂ ಹೆದರ್ತಾರೆ. ನೀನು ಕೇಳ್ತೀನಿ ಅಂದ್ಯಲ್ಲ, ಬಾ,” ಎಂದರು.

ಮೊದಲ ಸಲ ಹೋದಾಗ ನಾನು ಮಾಡಿದ ತಪ್ಪು ನಮ್ಮ ಕಡೆಯವರೆಲ್ಲ ಮಾಡುವಂಥದ್ದೇ. ಎದುರಿಗಿದ್ದವರು ಏನಾದರೂ ಹೇಳುತ್ತಿದ್ದರೆ ‘ಹೂಂ’ ಅನ್ನದೆ ಇರಲು ನಮಗೆ ಬರುವುದಿಲ್ಲ. ಫೋನಿನಲ್ಲಿ ಎರಡು ಸಲ ಹೂಂ ತಪ್ಪಿದರೆ ಆ ಕಡೆಯವರು “ಹಲೋ, ಇದ್ಯಾ?” ಎನ್ನುತ್ತಾರೆ. ನಾನೂ ಅರ್ಧ ಗಂಟೆ ಉದ್ದಕ್ಕೂ ಹೂಂಗುಟ್ಟಿದ್ದೆ. ಅವರ ಪ್ರತಿ ವಾಕ್ಯದ ಬಾಲಕ್ಕೂ ನನ್ನ ಹೂಂ ಅಂಟಿಕೊಂಡಿತ್ತು. ಮೇಷ್ಟ್ರು ಅದನ್ನು ಕೇಳಿ, “ಏನಮ್ಮ ಇದು, ಸಂದರ್ಶನವೋ ಎಮ್ಮೆ ಕೊಟ್ಟಿಗೆಯೋ? ಇನ್ನೊಮ್ಮೆ ಮಾಡಿಕೊಂಡು ಬಾ. ಬಾಯಿ ಮುಚ್ಕೊಂಡು ಬರೀ ತಲೆ ಆಡಿಸು,” ಎಂದು ಇಡೀ ತರಗತಿಯ ಎದುರು ಮಂಗಳಾರತಿ ಎತ್ತಿದರು. ನನಗೆ ಅವಮಾನದಿಂದ ಕಿವಿ ಬಿಸಿಯಾಯಿತು. ಅಲ್ಲದೆ ಆ ಸಲ ನಾಗರತ್ನಕ್ಕ ದೋಣಿ ಹತ್ತಿದ್ದಷ್ಟನ್ನೇ ಹೇಳಿ ನಿಲ್ಲಿಸಿಬಿಟ್ಟಿದ್ದರು.

ಎರಡನೇ ಸಲ ಒಂದು ಭಾನುವಾರ ಬೆಳಿಗ್ಗೆ ಹೋದೆವು. ಫ್ಯಾನ್ ನಿಲ್ಲಿಸಿ, ಅಂಗಡಿಯ ಷಟರ್ ಅರ್ಧ ಎಳೆದೆವು. ಮೈಕನ್ನು ಅವರ ಸೀರೆಯ ಸೆರಗಿಗೆ ಸಿಕ್ಕಿಸಿದೆವು. ಚೇತನ್ ತನ್ನ ಮೊಬೈಲನ್ನು ಇನ್ನೊಂದು ಮೂಲೆಯಲ್ಲಿಟ್ಟು ಅವರೂ ನಾನೂ ಇಬ್ಬರೂ ಕಾಣುವ ಹಾಗೆ ಚಾಲೂ ಮಾಡಿದ. ಪ್ರತಿ ಜಾಗದಲ್ಲೂ ಯಾರೂ ಮಾತಾಡದೆ ಅರ್ಧ ನಿಮಿಷ ಬರೀ ಮೌನ ರೆಕಾರ್ಡ್ ಮಾಡಿಕೊಳ್ಳಬೇಕೆಂದು ಮೇಷ್ಟ್ರು ಕಲಿಸಿದ್ದರು. ಎಡಿಟಿಂಗ್‌ನಲ್ಲಿ ಬೇಡದ ಸದ್ದು ಕತ್ತರಿಸಿದ ಜಾಗಕ್ಕೆ ತೇಪೆ ಹಾಕಲು ಅದು ಬೇಕಾಗುತ್ತದೆ. ಅದನ್ನೂ ಮಾಡಿಕೊಂಡೆವು. ಆಮೇಲೆ ನಾನು, “ಅಕ್ಕ, ಈ ಸಲ ನಾನು ಹೂಂ ಅನ್ನಲ್ಲ, ಬೇಜಾರು ಮಾಡ್ಕೋಬೇಡಿ,” ಎಂದೆ.

“ಹೂಂ ಅನ್ನದಿದ್ರೆ ಹೇಳೋದು ಹ್ಯಾಂಗೆ ಮಾರಾಯ್ತಿ? ಗ್ವಾಡೆ ಹತ್ರ ಮಾತಾಡ್ದಂಗೆ ಆಗ್ತದೆ,” ಎಂದರು.

ನಿಜವಾಗಿಯೂ ಅವರಿಗೆ ಹೇಳಲಾಗಲಿಲ್ಲ. ನಾಲ್ಕು ಸಲ ಶುರು ಮಾಡಿದರು, ನಾಲ್ಕು ಸಲವೂ ನಿಂತರು. ನಾನು ಗೊಂಬೆಯ ಹಾಗೆ ತಲೆ ಆಡಿಸುತ್ತ ಕೂತಿದ್ದೆ. ಬಾಯಿ ತಪ್ಪೀತೆಂದು ದುಪಟ್ಟಾದ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದೆ. ಇವತ್ತು ಇದು ಆಗುವುದಲ್ಲ ಎಂದುಕೊಳ್ಳುವಷ್ಟರಲ್ಲಿ ಅವರು ನನ್ನಿಂದ ಕಣ್ಣು ತೆಗೆದು ನನ್ನ ಎಡಕ್ಕೆ, ಸ್ವಲ್ಪ ಕೆಳಗೆ ನೋಡಿದರು. ಅಲ್ಲಿ ಬಟ್ಟೆ ಚೂರುಗಳ ಒಂದು ಮೂಟೆ ಬಿಟ್ಟರೆ ಬೇರೇನೂ ಇರಲಿಲ್ಲ. ಅವರ ಮುಖ ಸಡಿಲಾಯಿತು. ಆಮೇಲೆ ಒಂದೇ ಸಮನೆ ಹೇಳುತ್ತ ಹೋದರು.

ದಿನಾ ಮಲಗುವಾಗ ಸುಮಿಗೆ ಕತೆ ಹೇಳಬೇಕಿತ್ತಂತೆ. ಅವಳು ಹೂಂಗುಟ್ಟುತ್ತ ಕೇಳುತ್ತಿದ್ದಳು. ಹೂಂ ನಿಂತಿತೆಂದರೆ ನಿದ್ದೆ ಬಂತೆಂದು ಅರ್ಥ. ಆ ದಿನ ನೆಂಟರ ಮನೆಯಿಂದ ಮರಳುವಾಗ ಸಂಜೆ ಗಾಳಿಗೆ ದೋಣಿ ಮಗುಚಿತು. ಮಗುಚಿದ ದೋಣಿಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಮಗಳನ್ನು ತಬ್ಬಿಕೊಂಡು ನೀರಿನಲ್ಲಿದ್ದರು. ಕತ್ತಲಾಗಿ ಮುಖ ಕಾಣುತ್ತಿರಲಿಲ್ಲ. ಮಗು ಹೆದರಿ ನಡುಗುತ್ತಿತ್ತು.

“ಕತೆ ಹೇಳ್ತೀನಿ, ಹೂಂ ಅನ್ಬೇಕು ನೀನು ಅಂದೆ. ಅದೇ ನರಿ ಕತೆ. ಹೂಂ ಅಂತಿತ್ತು. ಸುಮಾರು ಹೊತ್ತು ಹೂಂ ಅಂತು. ಆಮೇಲೆ ಅನ್ಲಿಲ್ಲ. ನಿದ್ದೆ ಬಂತು ಅಂದ್ಕಂಡೆ. ಕತೆ ನಿಲ್ಸಲಿಲ್ಲ ನಾನು. ಉಕ್ಕಡದಲ್ಲಿ ಮೀನಿನೋರು ಬರೋ ತನಕನೂ ಹೇಳ್ತಾನೇ ಇದ್ದೆ.”

ಉಕ್ಕಡವೆಂದರೆ ನಮ್ಮ ಕಡೆಯ ಸಣ್ಣ ದೋಣಿ. ಚೇತನ್ ಕ್ಯಾಮೆರಾದ ಹಿಂದೆ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದ. ನಾನು ಅಳುತ್ತಿದ್ದೆ, ಆದರೆ ದುಪಟ್ಟಾ ಬಿಟ್ಟಿರಲಿಲ್ಲ. ನನ್ನ ಬಾಯಿಂದ ಒಂದು ಚೂರೂ ಸದ್ದು ಬಂದಿರಲಿಲ್ಲ. ಅಂಗಡಿಯೊಳಗೆ ಬೇರೆ ಯಾವ ಸದ್ದೂ ನನಗೆ ಕೇಳಿರಲಿಲ್ಲ.

ಮರುದಿನ ಮಧ್ಯಾಹ್ನ ಕಾಲೇಜಿನ ಎಡಿಟಿಂಗ್ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತೆ. ನಮ್ಮ ಕ್ಯಾಮೆರಾಗೆ ಹೆಡ್‌ಫೋನ್ ಸಿಕ್ಕಿಸುವ ಜಾಗವೇ ಇರಲಿಲ್ಲವಾದ್ದರಿಂದ ಆ ರೆಕಾರ್ಡಿಂಗನ್ನು ಯಾರಾದರೂ ಕೇಳಿದ್ದು ಅದೇ ಮೊದಲು. ‘ದಿನಾ ಕತೆ ಹೇಳ್ಬೇಕಿತ್ತು’ ಎಂದು ನಾಗರತ್ನಕ್ಕ ಉಸಿರು ತೆಗೆದುಕೊಂಡ ಕಡೆ ‘ಹೂಂ’ ಎಂದು ಕೇಳಿಸಿತು. ನನಗೆ ನನ್ನ ಮೇಲೇ ಸಿಟ್ಟು ಬಂತು. ಮುಂದಿನ ವಾಕ್ಯಕ್ಕೂ ಹೂಂ. ಅದರ ಮುಂದಿನದಕ್ಕೂ. ನಾಲ್ಕೈದು ಕೇಳಿದ ಮೇಲೆ ಅದು ನನ್ನ ದನಿಯಲ್ಲ ಎಂದು ಗೊತ್ತಾಯಿತು. ಸಣ್ಣ ದನಿ, ಸ್ವಲ್ಪ ನೆಗಡಿಯಾದ ಹಾಗೆ, ಮೈಕಿನ ತೀರಾ ಹತ್ತಿರ.

ಚೇತನ್‌ನನ್ನು ಕರೆದೆ. ಅವನೂ ಹೆಡ್‌ಫೋನ್ ಹಾಕಿಕೊಂಡು ಕೇಳಿದ. “ನೀನೇ ಅಂದಿರ್ತೀಯ, ಅಭ್ಯಾಸ,” ಎಂದ. ಮೊಬೈಲಿನ ವಿಡಿಯೋ ತೆಗೆದು ಅವನಿಗೆ ತೋರಿಸಿದೆ. ಅದರಲ್ಲಿ ನಾನು ದುಪಟ್ಟಾ ಕಚ್ಚಿಕೊಂಡು ಕೂತಿರುವುದು ಸ್ಪಷ್ಟವಾಗಿ ಕಾಣುತ್ತಿತ್ತು. ಆ ವಿಡಿಯೋದಲ್ಲಿ ನಾಗರತ್ನಕ್ಕನ ಮಾತು ಮಾತ್ರ ಇತ್ತು, ಹೂಂ ಇರಲಿಲ್ಲ. ಚೇತನ್ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟ. ಆಮೇಲೆ, “ಹೊರಗೆ ಯಾವ್ದೋ ಮಗು ಆಡ್ತಾ ಇತ್ತೇನೋ. ನಾಳೆ ಒಪ್ಪಿಸ್ಬೇಕು, ತೆಗ್ದು ಹಾಕು ಅತ್ಲಾಗೆ,” ಎಂದು ಎದ್ದುಹೋದ.

ನಾನು ತೆಗೆದುಹಾಕಿದೆ. ಓದುಗರೇ, ನನಗೆ ಅನುಮಾನ ಬರಲಿಲ್ಲವೆಂದರೆ ಸುಳ್ಳಾಗುತ್ತದೆ. ಬಂದಿತ್ತು. ಆದರೆ ಎಮ್ಮೆ ಕೊಟ್ಟಿಗೆ ಎಂದು ಮತ್ತೊಮ್ಮೆ ಅನ್ನಿಸಿಕೊಳ್ಳುವ ಭಯ ಅದಕ್ಕಿಂತ ದೊಡ್ಡದಾಗಿತ್ತು. ಒಂದೊಂದೇ ಹೂಂ ಕತ್ತರಿಸಿ, ಆ ಜಾಗಕ್ಕೆ ಖಾಲಿ ಅಂಗಡಿಯ ಮೌನವನ್ನು ತೇಪೆ ಹಾಕುತ್ತ ಹೋದೆ. ನಲವತ್ತಕ್ಕಿಂತ ಹೆಚ್ಚೇ ಇದ್ದವು. ಕೊನೆಕೊನೆಗೆ ಅವು ಸಣ್ಣದಾಗುತ್ತ, ದೂರ ದೂರವಾಗುತ್ತ ಬಂದವು. ‘ಆಮೇಲೆ ಅನ್ಲಿಲ್ಲ’ ಎಂದು ನಾಗರತ್ನಕ್ಕ ಹೇಳಿದ ಕಡೆಯಿಂದ ಮುಂದೆ ಒಂದೂ ಇರಲಿಲ್ಲ. ಸದ್ಯ, ಕೆಲಸ ಮುಗಿಯಿತು ಎಂದು ನಾನು ಉಸಿರುಬಿಟ್ಟೆ. ಆ ಹೂಂ ಎಲ್ಲಿ ನಿಂತಿತು ಎಂಬುದು ನನ್ನ ತಲೆಗೆ ಹತ್ತಿದ್ದು ಬಸ್ ಹತ್ತಿ ಮನೆಗೆ ಹೋಗುವಾಗ. ಆದರೂ ವಾಪಸು ಹೋಗಲಿಲ್ಲ.

ಚಿತ್ರ ಒಪ್ಪಿಸಿದೆವು. ಮೇಷ್ಟ್ರು, “ಇದಪ್ಪಾ ಸೌಂಡು ಅಂದ್ರೆ,” ಎಂದು ಹೊಗಳಿದರು. ನಿಯಮದ ಪ್ರಕಾರ ಮೆಮೊರಿ ಕಾರ್ಡ್ ಅಳಿಸಿ ಕಾಲೇಜಿನ ಕ್ಯಾಮೆರಾದೊಂದಿಗೆ ಮುಂದಿನ ತಂಡಕ್ಕೆ ಕೊಟ್ಟೆವು. ಜಾಗ ಸಾಲದ ಆ ಕಂಪ್ಯೂಟರಿನಿಂದ ನಮ್ಮ ಫೋಲ್ಡರನ್ನು ನಾನೇ ಅಳಿಸಿದೆ. ಉಳಿದದ್ದು ಹತ್ತು ನಿಮಿಷದ ಚಿತ್ರ ಮಾತ್ರ.

ಅದನ್ನು ಲ್ಯಾಪ್‌ಟಾಪಿನಲ್ಲಿ ಹಾಕಿಕೊಂಡು ನಾಗರತ್ನಕ್ಕನಿಗೆ ತೋರಿಸಲು ಹೋದೆ. ಅವರು ಕೈತೊಳೆದು, ಸೆರಗು ಸರಿಮಾಡಿಕೊಂಡು ಕೂತರು. ತಮ್ಮ ಮಾತು ಶುರುವಾದಾಗ ತೀರಾ ಹತ್ತಿರ ಬಗ್ಗಿ ಕಿವಿಗೊಟ್ಟರು. ಒಂದು ವಾಕ್ಯ ಮುಗಿಯಿತು, ಇನ್ನೊಂದು ಮುಗಿಯಿತು. ಅವರು ನನ್ನ ಕಡೆ ತಿರುಗಿದರು.

“ಹೂಂ ಎಲ್ಲಿ?”

“ಅದಕ್ಕೇ ಅಲ್ವಾ ಅಕ್ಕ, ಎರಡನೇ ಸಲ ತೆಗ್ದಿದ್ದು. ಈ ಸಲ ನಾನು ಅನ್ನಲೇ ಇಲ್ಲ,” ಎಂದೆ.

“ನಿಂದಲ್ಲ ಮಾರಾಯ್ತಿ. ಅವಳ್ದು. ಅವಳು ಹೂಂ ಅಂದಿದ್ಕೇ ಅಲ್ವಾ ನಾನು ಅಷ್ಟೆಲ್ಲ ಹೇಳಿದ್ದು. ನಿಮ್ಮ ಮೈಕಿಗೆ ಬಿದ್ದಿರ್ತದೆ, ಇನ್ನೊಂದ್ ಸಲ ಕೇಳ್ಬಹುದು ಅಂತ ಕಾಯ್ತಾ ಇದ್ದೆ. ಬಿದ್ದಿರ್ಲಿಲ್ವಾ?”

ಬಿದ್ದಿತ್ತು, ನಾನು ಕತ್ತರಿಸಿದೆ, ಈಗ ಎಲ್ಲೂ ಇಲ್ಲ ಎಂದು ಆ ತಾಯಿಗೆ ಹೇಳಲು ನನಗೆ ನಾಲಿಗೆ ಏಳಲಿಲ್ಲ. “ಇಲ್ಲ ಅಕ್ಕ, ಬಿದ್ದಿರ್ಲಿಲ್ಲ,” ಎಂದೆ.

ಅವರು ಅಳಲಿಲ್ಲ, ಬೈಯಲಿಲ್ಲ. “ಹಂಗಾದ್ರೆ ನನ್ನ ಭ್ರಮೆನೇ ಇರ್ಬೇಕು,” ಎಂದು ಎದ್ದು ಮೆಷಿನ್ನಿನ ಮುಂದೆ ಕೂತರು. ಉಳಿದ ಚಿತ್ರ ನೋಡಲಿಲ್ಲ. ಆಮೇಲೆ ಯಾರ ಹತ್ತಿರವೂ ಅವರು ಸುಮಿಯ ಮಾತೆತ್ತಲಿಲ್ಲವೆಂದು ದೊಡ್ಡಮ್ಮ ಹೇಳುತ್ತಿದ್ದರು.

ಅಳಿಸಿದ ಫೈಲುಗಳನ್ನು ಮರಳಿ ತೆಗೆಯುತ್ತಾರೆಂದು ಕೇಳಿ, ಮೇಷ್ಟ್ರ ಕಾಲಿಗೆ ಬಿದ್ದು ಆ ಕಾರ್ಡ್ ಪಡೆದು ಶಿವಮೊಗ್ಗದ ಅಂಗಡಿಗಳಿಗೆಲ್ಲ ಅಲೆದೆ. ಮುಂದಿನ ತಂಡದವರು ತೆಗೆದ ಜೇನು ಸಾಕಣೆಯ ಚಿತ್ರವಷ್ಟೇ ಸಿಕ್ಕಿತು. ಚೇತನ್‌ನನ್ನು ಈಗ ಕೇಳಿದರೆ, ಅವತ್ತು ಕೇಳಿಸಿದ್ದು ನಿನ್ನ ದನಿಯೇ ಎಂದು ವಾದಿಸುತ್ತಾನೆ. ಮೈಕಿನ ತಂತಿಗೆ ಬೇರೆ ಯಾವುದೋ ಸದ್ದು ಸೇರಿರಬಹುದು ಎಂದು ತಿಳಿದವರೊಬ್ಬರು ಹೇಳಿದರು. ಬೇರೆ ಸದ್ದು ಒಬ್ಬ ತಾಯಿಯ ವಾಕ್ಯ ಮುಗಿಯುವುದನ್ನು ಕಾದು ಕಾದು ಹೂಂ ಅನ್ನುತ್ತದೆಯೇ? ನನಗೆ ಗೊತ್ತಿಲ್ಲ. ಎಷ್ಟು ವರ್ಷ ಯೋಚಿಸಿದರೂ ಅದು ಏನೆಂದು ಹೇಳಲು ನನ್ನಿಂದಾಗಿಲ್ಲ. ಆದರೆ ಅದು ಇತ್ತು. ಇರಲಿಲ್ಲ ಎಂದು ಹೇಳಿದವಳು ನಾನು.