ದುರ್ಬೀನು ಹುಡುಕಿದ ಗುರುವಾರಗಳು

ನಿಮ್ಮ ಕಣ್ಣು ಹೋಗುತ್ತಿದೆ ಎಂಬುದು ನನಗೆ ಗೊತ್ತಿತ್ತು, ಗೌಡರೇ. ಡಾಕ್ಟರು ನಿಮಗೆ ಹೇಳುವ ಒಂಬತ್ತು ತಿಂಗಳು ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಹೇಳಲಿಲ್ಲ. ದೋಷ ದುರ್ಬೀನಿನದು ಎಂದೆ — ಒಂದು ಸಲವಲ್ಲ, ನೀವು ಬಂದಾಗಲೆಲ್ಲ.

ಇಷ್ಟು ಬರೆಯಲು ನನಗೆ ಮೂರು ವರ್ಷ ಬೇಕಾಯಿತು. ಕಣ್ಣಿನ ವಿಷಯದಲ್ಲಿ ತಡ ಮಾಡಬೇಡಿ ಎಂಬ ಬೋರ್ಡನ್ನು ನನ್ನ ಅಂಗಡಿಯ ಬಾಗಿಲಿಗೇ ತೂಗುಹಾಕಿದ್ದೇನೆ. ದಿನಕ್ಕೆ ನಾಲ್ಕು ಜನರನ್ನಾದರೂ ಆ ವಿಷಯಕ್ಕೆ ಗದರುತ್ತೇನೆ. ನನ್ನನ್ನು ಗದರುವವರು ಯಾರೂ ಇರಲಿಲ್ಲ.

ನೀವು ಮೊದಲು ಬಂದ ದಿನ ನೆನಪಿದೆಯೇ? ಗೋಳಗುಮ್ಮಟಕ್ಕೆ ಹೋಗುವ ರಸ್ತೆಯಲ್ಲಿ ನನ್ನದು ಚಷ್ಮಾ ಅಂಗಡಿ. ಪ್ರವಾಸಿಗರು ಕೊಳ್ಳಲಿ ಎಂದು ಎರಡು ದುರ್ಬೀನುಗಳನ್ನು ಗಾಜಿನ ಹಿಂದೆ ಇಟ್ಟಿದ್ದೆ. ಅವನ್ನು ನೋಡಿ ನೀವು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದಿರಿ. ಅಂಗಡಿಗೆ ಚಪ್ಪಲಿ ಬಿಟ್ಟು ಬರುವವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಟಿಕೋಟಾದ ಹತ್ತಿರ ಹೊಲ, ಗೋವಿನಜೋಳಕ್ಕೆ ನುಗ್ಗುವ ಕಾಡುಹಂದಿ, ಹಂದಿ ಹೊಡೆಯಲು ಸಿಕ್ಕ ಪರವಾನಗಿ, ಒಂದು ಕಾಲದಲ್ಲಿ ನಿಮ್ಮ ತಂದೆ ಬೇಟೆಯಾಡುತ್ತಿದ್ದ ರೈಫಲ್ — ಎಲ್ಲವನ್ನೂ ನಿಂತಲ್ಲೇ ಹೇಳಿ ಮುಗಿಸಿದಿರಿ.

"ಬಂದೂಕಿನ ಮ್ಯಾಲ ಕೂಡಸೂ ದುರ್ಬೀನ ಬೇಕಾಗೇತ್ರಿ, ಬಾಯಾರ. ಸಣ್ಣದ ಇರಬೇಕು, ಹಗೂರ ಇರಬೇಕು. ನಮ್ಮಪ್ಪನ ಬಂದೂಕ ಮದಲ ಭಾರ ಐತಿ. ಅದರ ಮ್ಯಾಲ ಇದೂ ಭಾರ ಆತಂದ್ರ ನನ್ನ ಭುಜ ಒಪ್ಪಂಗಿಲ್ಲ."

ಅಂಥದ್ದನ್ನು ನಾನು ಮಾರುವುದಿಲ್ಲ ಎಂದು ಹೇಳಬೇಕಿತ್ತು. ತರಿಸಿ ಕೊಡುತ್ತೇನೆ ಎಂದೆ. ನನಗೆ ಲೆನ್ಸು ಕಳಿಸುವ ಪುಣೆಯ ವ್ಯಾಪಾರಿ ಇಂಥ ದುರ್ಬೀನುಗಳನ್ನೂ ಇಟ್ಟಿದ್ದರು. ನೋಡಿ ಒಪ್ಪಿಗೆಯಾಗದಿದ್ದರೆ ವಾಪಸು ಕಳಿಸಬಹುದಿತ್ತು. ನೀವು ಪ್ರತಿ ಗುರುವಾರ ಒಣದ್ರಾಕ್ಷಿ ಮಾರಲು ವಿಜಯಪುರಕ್ಕೆ ಬರುತ್ತಿದ್ದಿರಿ. ಹಾಗಾಗಿ ಗುರುವಾರ ಎಂದಾಯಿತು.

ಮೊದಲನೆಯದು ಒಂದು ಮೊಳ ಉದ್ದ, ಒನಕೆಯಷ್ಟು ಭಾರ. ಕೈಯಲ್ಲಿ ಹಿಡಿದು ನೀವೇ ನಕ್ಕಿರಿ. ಎರಡನೆಯದು ಹಗುರವಿತ್ತು, ಆದರೆ ಕಣ್ಣಿಗೆ ತೀರ ಒತ್ತಿ ಹಿಡಿಯಬೇಕು — ಗುಂಡು ಹಾರಿದಾಗ ರೈಫಲ್ ಹಿಂದಕ್ಕೆ ಒದ್ದು ಹುಬ್ಬು ಸೀಳುವಂಥದ್ದು. ಮೂರನೆಯದು ಒಂದು ಗೇಣು. ಅಂಗೈಯಲ್ಲಿ ಇಟ್ಟರೆ ಇದೆಯೋ ಇಲ್ಲವೋ ಎನ್ನುವಷ್ಟು ಹಗುರ. ಕಣ್ಣನ್ನು ನಾಲ್ಕು ಬೆರಳು ದೂರ ಇಟ್ಟರೂ ನೋಟ ತಿಳಿಯಾಗಿತ್ತು. ನಿಮಗೆ ಬೇಕಾದದ್ದು ಅದೇ ಆಗಿತ್ತು.

ಅಂಗಡಿಯ ಮಾಳಿಗೆಗೆ ಹತ್ತಿದೆವು. ಗುಮ್ಮಟದ ಮೂಲೆಯ ಮಿನಾರಿನ ಮೇಲೆ ಪಾರಿವಾಳಗಳು ಸಾಲಾಗಿ ಕುಳಿತಿದ್ದವು. ಮೊದಲು ನಾನು ನೋಡಿದೆ — ಈ ತುದಿಯಿಂದ ಆ ತುದಿಯವರೆಗೆ ಒಂಬತ್ತು ಪಾರಿವಾಳ. ನಿಮ್ಮ ಕೈಗೆ ಕೊಟ್ಟೆ.

"ನಾಕ ಅದಾವ್ರಿ. ಆದ್ರ ಇದ್ರಾಗೂ ಅಂಚಿನ್ಯಾಗ ಕಪ್ಪ ಬರಾಕತ್ತೇತಿ."

ಹಿಂದಿನ ಎರಡಕ್ಕೂ ನೀವು ಅದನ್ನೇ ಹೇಳಿದ್ದಿರಿ. ಇಂಥ ದುರ್ಬೀನಿಗೆ ಕಣ್ಣು ತಕ್ಕ ದೂರದಲ್ಲಿ ಇರದಿದ್ದರೆ ಸುತ್ತಲೂ ಕಪ್ಪು ಬಳೆಯೊಂದು ಕಾಣುತ್ತದೆ. ನಾನೂ ಹಾಗೆಯೇ ಅಂದುಕೊಂಡಿದ್ದೆ. ಆ ದಿನ ನಿಮ್ಮ ಕಣ್ಣು ಸರಿಯಾದ ಜಾಗದಲ್ಲೇ ಇತ್ತು. ಕೆಳಗೆ ಕರೆದುಕೊಂಡು ಬಂದು ಎದುರಿಗೆ ಕೂಡಿಸಿದೆ. ಒಂದು ಕಣ್ಣು ಮುಚ್ಚಿಕೊಂಡು ನನ್ನ ಮೂಗನ್ನೇ ನೋಡಿ ಎಂದೆ. ಬದಿಯಿಂದ ಬೆರಳಾಡಿಸುತ್ತ ಒಳಗೆ ತಂದೆ. ಕಂಡ ಕೂಡಲೇ ಹೇಳಬೇಕಿತ್ತು ನೀವು. ನೀವು ಹೇಳಲಿಲ್ಲ. ಬೆರಳು ನಿಮ್ಮ ಕೆನ್ನೆಯ ಹತ್ತಿರ ಬಂತು, ಆಗಲೂ ಹೇಳಲಿಲ್ಲ. ನನ್ನ ಮೂಗನ್ನೇ ನೋಡುತ್ತ, ಶಾಲೆಯ ಹುಡುಗನ ಹಾಗೆ ನೆಟ್ಟಗೆ ಕುಳಿತಿದ್ದಿರಿ.

ನನಗೆ ತಿಳಿದುಹೋಯಿತು. ಕಣ್ಣಿನೊಳಗಿನ ಒತ್ತಡ ಏರಿ, ನೋಟವನ್ನು ಅಂಚಿನಿಂದ ತಿನ್ನುತ್ತ ಬರುವ ರೋಗ ಅದು. ನೋವಿಲ್ಲ, ಕೆಂಪಿಲ್ಲ. ಹೋದದ್ದು ಮರಳುವುದಿಲ್ಲ, ಉಳಿದದ್ದನ್ನು ಹನಿಮದ್ದು ಕಾಯುತ್ತದೆ — ಬೇಗ ಹಾಕಿದರೆ. ಇದನ್ನೆಲ್ಲ ಓದಿಯೇ ಈ ಕುರ್ಚಿಯಲ್ಲಿ ಕುಳಿತವಳು ನಾನು. ಕಣ್ಣಿನ ಆಸ್ಪತ್ರೆ ಅಲ್ಲಿಂದ ಆಟೋದಲ್ಲಿ ಹತ್ತು ನಿಮಿಷ. "ಏಳ್ರಿ ಗೌಡ್ರ, ಈಗ ಹೋಗೂಣು" ಎಂದಿದ್ದರೆ —

"ದುರ್ಬೀನಿಂದ ದೋಷರಿ. ಬ್ಯಾರೇದ್ ತರಸ್ತೀನಿ, ಮುಂದಿನ ಗುರುವಾರ ಬರ್ರಿ" ಎಂದೆ.

ಯಾಕೆ ಎಂದು ನೀವು ಕೇಳಬಹುದು. ಕಣ್ಣು ಹೀಗಿದೆ ಎಂದು ಡಾಕ್ಟರು ಹೇಳಿದರೆ ರೈಫಲ್ ಮುಟ್ಟುವಂತಿಲ್ಲ. ರೈಫಲ್ ಇಲ್ಲದಿದ್ದರೆ ದುರ್ಬೀನು ಬೇಡ. ದುರ್ಬೀನು ಬೇಡವಾದರೆ ನೀವು ನನ್ನ ಅಂಗಡಿಯ ಮೆಟ್ಟಿಲು ಹತ್ತಲು ಕಾರಣವೇ ಇರಲಿಲ್ಲ. ಇಷ್ಟೇ. ನಿಮ್ಮ ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು. ನನಗೆ ಮದುವೆಯ ಮಾತು ನಿಂತು ಅದಕ್ಕಿಂತ ಹೆಚ್ಚು ವರ್ಷವಾಗಿತ್ತು. ಜಲನಗರದಲ್ಲಿ ತಂಗಿಯ ಮನೆಯಲ್ಲಿ ನನಗೊಂದು ಕೋಣೆ. "ಯಕ್ಕಾ, ಸೀರಿ ಇಸ್ತ್ರಿ ಆಗಾಕತ್ತೇತಿ ಅಂದ್ರ ಇವತ್ತ ಗುರುವಾರ ಇರಬೇಕ" ಎಂದು ಅವಳು ಕಾಡುತ್ತಿದ್ದಳು. ನಾನು ಸಿಟ್ಟು ಮಾಡುತ್ತಿದ್ದೆ. ಸಿಟ್ಟು ಬರುತ್ತಿರಲಿಲ್ಲ.

ಒಂದು ತಿಂಗಳು, ಆಮೇಲೆ ಹೇಳಿಬಿಡುತ್ತೇನೆ ಎಂದುಕೊಂಡೆ. ಮೂರನೆಯದು ವಾಪಸು ಹೋಯಿತು, ನಾಲ್ಕನೆಯದು ಬಂತು. ಒಂದು ಹಿಡಿ ಒಣದ್ರಾಕ್ಷಿಯನ್ನು ಕಾಗದದಲ್ಲಿ ಸುತ್ತಿ ತರುತ್ತಿದ್ದಿರಿ. ಮಾಳಿಗೆಯಲ್ಲಿ ಚಹಾ ಕುಡಿಯುತ್ತ ಒಮ್ಮೆ ನೀವು ಗುಮ್ಮಟ, ಒಮ್ಮೆ ನೀರಿನ ಟಾಕಿ, ಒಮ್ಮೆ ದೂರದ ಬೇವಿನ ಗಿಡ ನೋಡುತ್ತಿದ್ದಿರಿ. ನಾನು ನಿಮ್ಮನ್ನು ನೋಡುತ್ತಿದ್ದೆ. ಬದಿಗೆ ನಿಂತಿದ್ದೆನಲ್ಲ, ನಿಮಗೆ ಕಾಣುತ್ತಿರಲಿಲ್ಲ. ಅದನ್ನೂ ನಾನು ಬಲ್ಲೆ, ಬಲ್ಲೆನೆಂದೇ ಅಲ್ಲಿ ನಿಲ್ಲುತ್ತಿದ್ದೆ. ಇದನ್ನು ಬರೆಯುವಾಗ ನನಗೆ ನನ್ನ ಮೇಲೇ ಹೇಸಿಗೆಯಾಗುತ್ತದೆ.

ಐದನೆಯದನ್ನು ರೈಫಲ್ ಮೇಲೆ ಕೂಡಿಸಿಯೇ ನೋಡೋಣ ಎಂದು ನೀವು ಹಟ ಹಿಡಿದಿರಿ. ಬಬಲೇಶ್ವರದಲ್ಲಿ ನನ್ನ ಸೋದರತ್ತೆಯ ಮನೆ. ಅವಳನ್ನು ನೋಡಿ ಬರುತ್ತೇನೆ ಎಂದು ತಂಗಿಗೆ ಹೇಳಿ ನಿಮ್ಮ ಜೀಪು ಹತ್ತಿದೆ. ದಾರಿ ಸುತ್ತಿ ಮೊದಲು ನಿಮ್ಮ ಹೊಲದಲ್ಲಿ ಇಳಿದೆವು. ಇಳಿಹೊತ್ತಿನ ಬಿಸಿಲು. ಬದುವಿನ ಮೇಲೆ ಒಡಕು ಗಡಿಗೆಯೊಂದನ್ನು ಇಟ್ಟು, ನೀವು ನೆಲಕ್ಕೆ ಮೊಣಕಾಲೂರಿ ಗುರಿ ಹಿಡಿದಿರಿ. "ಗಡಿಗಿ ಅಗದೀ ಛಲೋ ಕಾಣಾಕತ್ತೇತ್ರಿ" ಎಂದಿರಿ. ಆಗ ಎಡಗಡೆಯಿಂದ, ಹುಲ್ಲಿನ ಹೊರೆ ಹೊತ್ತು, ನಿಮ್ಮ ಹೊಲದಲ್ಲೇ ಕೆಲಸ ಮಾಡುವ ಹೆಣ್ಣುಮಗಳು ಬದುವಿನ ಮೇಲೆ ನಡೆದು ಬಂದಳು. ಹತ್ತು ಹೆಜ್ಜೆ ಇತ್ತು ಗಡಿಗೆಗೆ. ಎಂಟಾಯಿತು. ನೀವು ನೋಡುತ್ತೀರಿ ಎಂದು ಕಾದೆ. ನಿಮ್ಮ ಬೆರಳು ಬಂದೂಕಿನ ಕುದುರೆಯ ಮೇಲಿತ್ತು.

"ಗೌಡ್ರ, ನಿಲ್ರಿ" ಎಂದು ನಳಿಗೆಯನ್ನು ಕೈಯಿಂದ ಕೆಳಗೆ ಒತ್ತಿದೆ.

ನೀವು ತಲೆ ತಿರುಗಿಸಿ ಅವಳನ್ನು ಕಂಡು ಬಿಳುಚಿಕೊಂಡಿರಿ. "ಆಕಿ ನನಗ ಕಾಣಲೇ ಇಲ್ಲಲ್ಲರಿ" ಎಂದಿರಿ. ಹೇಳಲು ಅದಕ್ಕಿಂತ ಬೇರೆ ಗಳಿಗೆ ಬೇಕಿತ್ತೇ? ನಾನು ಏನು ಹೇಳಿದೆ ಎಂದು ನಿಮಗೆ ನೆನಪಿರಬೇಕು.

"ಸಣ್ಣ ದುರ್ಬೀನರಿ. ಸಣ್ಣದಕ ನೋಟ ಕಿರಿದ ಇರತೇತಿ."

ನೀವು ನಂಬಿದಿರಿ. ಬೇರೆಯದು ಸಿಗುವ ತನಕ ಗುಂಡು ಹಾರಿಸುವುದಿಲ್ಲ ಎಂದು ನಿಮ್ಮಿಂದ ಆಣೆ ಮಾಡಿಸಿಕೊಂಡೆ. ಬೇರೆಯವರ ಜೀವಕ್ಕೆ ಅಪಾಯವಿಲ್ಲದಂತೆ ಮಾಡಿ, ನಿಮ್ಮ ಕಣ್ಣನ್ನು ಅದರ ಪಾಡಿಗೆ ಬಿಟ್ಟೆ. ಅತ್ತೆಯ ಮನೆಯ ಮುಂದೆ ಇಳಿಸುವಾಗ ದುರ್ಬೀನನ್ನು ನನ್ನ ಕೈಗಿಟ್ಟು, "ಬ್ಯಾರೇದ್ ನೋಡೂಣು ತಗೋರಿ" ಎಂದಿರಿ. ನನಗೆ ಸಂತೋಷವಾಯಿತು. ಹೌದು, ಅಷ್ಟೆಲ್ಲ ಆದ ಮೇಲೂ — ಇನ್ನೊಂದು ಗುರುವಾರ ಸಿಕ್ಕಿತಲ್ಲ ಎಂದು.

ಆಮೇಲೆ ಪರವಾನಗಿ ನವೀಕರಿಸಲು ವೈದ್ಯರ ಪ್ರಮಾಣಪತ್ರ ಬೇಕಾಯಿತು. ಅಲ್ಲಿ ರೋಗ ಹೊರಬಿತ್ತು. ಎಂಟೊಂಬತ್ತು ತಿಂಗಳ ಹಿಂದೆ ಬಂದಿದ್ದರೆ ಬಹಳಷ್ಟು ಉಳಿಯುತ್ತಿತ್ತು ಎಂದು ಡಾಕ್ಟರು ಹೇಳಿದರಂತೆ. ನೀವು ನೆಟ್ಟಗೆ ನನ್ನ ಅಂಗಡಿಗೆ ಬಂದಿರಿ. ಚಪ್ಪಲಿ ಬಿಡಲು ಹೋಗಿ ಮೆಟ್ಟಿಲು ಎಡವಿದಿರಿ. ಬೈಯುತ್ತೀರಿ ಎಂದುಕೊಂಡೆ. ಬೈದಿದ್ದರೆ ಬದುಕುತ್ತಿದ್ದೆ.

"ಡಾಕ್ಟರ್ ಕೇಳಿದ್ರು, ಚಷ್ಮಾ ಅಂಗಡ್ಯಾಗ ಯಾರೂ ಹೇಳಲಿಲ್ಲೇನಂತ. ನಾ ಅಂದೆ, ಆ ಬಾಯಾರು ಒಂಬತ್ತ ತಿಂಗಳ ನನ್ನ ಕಣ್ಣ ನೋಡ್ಯಾರ್ರಿ, ಅವ್ರಂಥವ್ರಿಗೇ ತಿಳೀಲಿಲ್ಲಂದ್ರ ಈ ರೋಗ ಅಷ್ಟ ಕಳ್ಳ ಇರಬೇಕಂತ." ಇಷ್ಟು ಹೇಳಿ ನನ್ನನ್ನೇ ಸಮಾಧಾನ ಮಾಡಿದಿರಿ: "ನೀವೇನ ಮನಸಿಗೆ ಹಚ್ಕೋಬ್ಯಾಡ್ರಿ."

ಆಗಲೂ ನಿಜ ಹೇಳದೆ, ನಿಮ್ಮ ಕೈ ಹಿಡಿದು ಮೆಟ್ಟಿಲು ಇಳಿಸಿದೆ. ಅದು ನೀವು ಬಂದ ಕೊನೆಯ ಗುರುವಾರ. ರೈಫಲನ್ನು ಠಾಣೆಗೆ ಒಪ್ಪಿಸಿದಿರಿ ಎಂಬ ಸುದ್ದಿ ಕಿವಿಗೆ ಬಿತ್ತು.

ಮೂರನೆಯ ದುರ್ಬೀನನ್ನು ಆಮೇಲೆ ಪುಣೆಯಿಂದ ಮತ್ತೆ ತರಿಸಿಕೊಂಡೆ. ಈಗಲೂ ಗುರುವಾರ ಮಾಳಿಗೆ ಹತ್ತಿ ಅದರಲ್ಲಿ ನೋಡುತ್ತೇನೆ. ಅಂಚಿನವರೆಗೂ ಬೆಳಕು. ಎರಡು ಲೋಟ ಚಹಾ ತರಿಸಿ, ಒಂದನ್ನು ಆರಲು ಬಿಡುವ ಹುಚ್ಚೂ ಇದೆ. ನೀವು ಬರಲಿ ಎಂದು ಇಂದಿಗೂ ಅನ್ನಿಸುತ್ತದೆ, ಗೌಡರೇ. ಇಷ್ಟು ಮಾಡಿದ ಮೇಲೂ ಅನ್ನಿಸುತ್ತದೆ.

ಇದನ್ನು ಅಂಚೆಗೆ ಹಾಕಲು ವಿಳಾಸ ಕೇಳಿ ಮೊನ್ನೆ ನಿಮ್ಮ ಮಗಳಿಗೆ ಫೋನ್ ಮಾಡಿದ್ದೆ. "ಅಪ್ಪಗ ಈಗ ಅಕ್ಷರ ಕಾಣಂಗಿಲ್ರಿ. ಎದುರಿಗೆ ಕುಂತವ್ರ ಮಾರಿ ಅಷ್ಟ ಕಾಣತೇತಿ. ಕಳಸ್ರಿ, ನಾನ ಓದಿ ಹೇಳತೇನಿ" ಎಂದಳು.

ಈ ಮಾತುಗಳನ್ನು ಆ ಹುಡುಗಿಯ ಬಾಯಿಂದ ಆಡಿಸಲಾರೆ. ಆದ್ದರಿಂದ ಅಂಚೆಗೆ ಹಾಕುವುದಿಲ್ಲ. ಬರುವ ಗುರುವಾರ ಟಿಕೋಟಾದ ಬಸ್ಸು ಹತ್ತುತ್ತೇನೆ. ಮೊದಲ ಸಾಲು ಓದಿ ನಿಲ್ಲಿಸುತ್ತೇನೆ. ಮುಂದೆ ಓದಬೇಕೋ, ಎದ್ದು ಹೋಗಬೇಕೋ, ನೀವು ಹೇಳಬೇಕು. ಈ ಸಲ ಬದಿಗೆ ನಿಲ್ಲುವುದಿಲ್ಲ. ಎದುರಿಗೇ ಕೂಡುತ್ತೇನೆ — ನಿಮಗೆ ಇನ್ನೂ ಉಳಿದಿರುವ ಅಷ್ಟೇ ಜಾಗದಲ್ಲಿ, ಓದುವಾಗ ನನ್ನ ಮುಖ ನಿಮಗೆ ಕಾಣುವಂತೆ.