ಮುಟ್ಟಬೇಡ ಲಲಿತಾ

"ಒಂದ್ ಸ್ಕ್ರೂಡ್ರೈವರ್ ಇದ್ರೆ ಕೊಡ್ತೀರಾ?" ಎಂದು ಆ ಹೆಂಗಸು ಕೇಳಿದಾಗ ನಾನು ಮೇಜಿನ ಮೇಲಿದ್ದ ಕಾರ್ಡಿನ ಡಬ್ಬಿಯನ್ನು ನನ್ನತ್ತ ಎಳೆದುಕೊಂಡೆ. ಸೈಬರ್ ಕೆಫೆಯಲ್ಲಿ ಕೂತು ನಾನು ಆನ್‌ಲೈನ್ ಹರಾಜಿಗಿಟ್ಟಿದ್ದ ಆಟಗಾರನ ಚಿತ್ರವಿದ್ದ ಹಳೆಯ ಕ್ರಿಕೆಟ್ ಕಾರ್ಡನ್ನು ಅವರು ಗೆದ್ದಿದ್ದರು. ಅಂಚೆ ಬೇಡವೆಂದು ವಿಮಾನಪುರದಿಂದ ಕಾಕ್ಸ್ ಟೌನಿನ ನಮ್ಮ ಮನೆಗೆ ತಾವೇ ಬಂದಿದ್ದರು.

ರಸೆಲ್ ಮಾರುಕಟ್ಟೆಯ ಹಿಂದಿನ ರದ್ದಿ ಅಂಗಡಿಯಲ್ಲಿ ನನಗೆ ಸಿಕ್ಕಿದ್ದ ಕಾರ್ಡು ಅದು. ವಿದೇಶಕ್ಕೆ ಕಳಿಸಿ, ಅದು ಎಷ್ಟು ಚೆನ್ನಾಗಿ ಉಳಿದಿದೆ ಎಂದು ತಜ್ಞರಿಂದ ಅಂಕ ಹಾಕಿಸಿ, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲು ಮಾಡಿಸಿದ್ದೆ. ಹಿಂಬದಿಯಲ್ಲಿ ಯಾರೋ ಪೆನ್ಸಿಲಿನಿಂದ 'ಮುಟ್ಟಬೇಡ ಲಲಿತಾ' ಎಂದು ಗೀಚಿದ್ದರಿಂದ ಹತ್ತಕ್ಕೆ ನಾಲ್ಕೇ ಅಂಕ ಬಂದಿತ್ತು. ಮೊದಲೇ ರಬ್ಬರಿನಿಂದ ಉಜ್ಜಿಬಿಡಬೇಕಿತ್ತು ಎಂದು ಎಷ್ಟೋ ಸಲ ಕೈ ಕೈ ಹಿಸುಕಿಕೊಂಡಿದ್ದೆ.

"ಡಬ್ಬಿ ಒಡೆದ್ರೆ ಗ್ರೇಡೇ ಹೋಗ್ಬಿಡುತ್ತೆ ಮೇಡಂ," ಎಂದೆ.

"ಹೋಗ್ಲಿ ಬಿಡಿ. ನಾನೇ ಲಲಿತಾ. ಬರೆದಿದ್ದು ನಮ್ಮಣ್ಣ. ಅವನು ತೀರ್ಕೊಂಡ್ಮೇಲೆ ಅವನ ಪೆಟ್ಟಿಗೆ ರದ್ದಿಗೆ ಹೋಗಿತ್ತು. ನಿಮ್ಮ ಫೋಟೋದಲ್ಲಿ ಅಕ್ಷರ ನೋಡಿದ ಕೂಡ್ಲೇ ಗೊತ್ತಾಯ್ತು."

ನಾನೇ ಡಬ್ಬಿಯ ಅಂಚು ಬಿಡಿಸಿಕೊಟ್ಟೆ. ಕಿಟಕಿಯಿಂದ ಬಿದ್ದ ಮಧ್ಯಾಹ್ನದ ಬಿಸಿಲಿನಲ್ಲಿ ಅವರು ಆ ಅಕ್ಷರಗಳ ಮೇಲೆ ಬೆರಳ ತುದಿಯನ್ನು ಮೆಲ್ಲಗೆ ಇಟ್ಟರು. ದೂರದ ಚರ್ಚಿನ ಗಂಟೆ ನೀರಿನಾಳದಿಂದ ಬಂದಂತೆ ಮಂದವಾಗಿ ಕೇಳಿತು. ಐವತ್ತು ದಾಟಿದ ಆಕೆ, ಅಣ್ಣ ಎಲ್ಲಿ ಬಂದುಬಿಡುತ್ತಾನೋ ಎಂಬಂತೆ ಒಮ್ಮೆ ಬಾಗಿಲ ಕಡೆ ನೋಡಿದರು.

ಖಾಲಿ ಡಬ್ಬಿಯನ್ನು ಅವರು ನನ್ನ ಮೇಜಿನ ಮೇಲೇ ಬಿಟ್ಟುಹೋದರು. ಅದರ ಮೇಲಿನ ನಾಲ್ಕು ಅಂಕ ಇನ್ನೂ ಹಾಗೇ ಇದೆ. ಆಮೇಲೆ ನಾನು ಯಾವ ಹಳೆಯ ಕಾರ್ಡಿಗೂ ರಬ್ಬರು ಮುಟ್ಟಿಸಿಲ್ಲ.